ಎಡ್ಡಿ ತಗೊಂಡು ಮೂರನೇ ಸ್ಥಾನ: ಬೈಸಿಕೊಂಡು ಆಡಿದ ಐದು ವರ್ಷ

ದಾವಣಗೆರೆಯಲ್ಲಿ ನಾನು ಹೈಸ್ಕೂಲಲ್ಲಿದ್ದಾಗ ನಮ್ಮ ಗೇಮ್ ಪಾರ್ಲರಿನಲ್ಲಿ ಟೆಕ್ಕನ್ 3 ಅನ್ನೋ ಹೊಡೆದಾಟದ ವಿಡಿಯೊ ಗೇಮಿಗೆ ಒಂದೇ ಕಾನೂನು ಇತ್ತು. ಎಡ್ಡಿ ಅನ್ನೋ ಪಾತ್ರ ತಗೊಂಡು ಗೆದ್ದರೆ ಅದು ಗೆಲುವಲ್ಲ. ಗಂಟೆಗೆ ಹದಿನೈದು ರೂಪಾಯಿ ಇತ್ತೇನೋ ಆಗ. ಒದೆಯುವ ಎರಡು ಬಟನ್ ಹಿಡಿದು ಕುಟ್ಟಿದರೆ ಸಾಕು, ಎಡ್ಡಿ ತಲೆಕೆಳಗಾಗಿ ತಿರುಗಿ ತಿರುಗಿ ಒದೀತಾನೇ ಇರ್ತಿದ್ದ. "ಲೇ ತಮ್ಮಾ, ಮನುಷ್ಯರ ಥರ ಆಡಲೇ" ಎಂದು ಪಾರ್ಲರ್ ಅಣ್ಣ ಬೈಯುತ್ತಿದ್ದರು.

ಆಮೇಲೆ ಬೆಂಗಳೂರಿಗೆ ಬಂದೆ, ಕೆಲಸ ಸಿಕ್ಕಿತು, ಟೆಕ್ಕನ್ 7 ಬಂತು. 2018ರಲ್ಲಿ ಮೊದಲ ಟೂರ್ನಮೆಂಟಿಗೆ ಹೋದೆ. ಎಡ್ಡಿ ಮೇಲೆ ಕರ್ಸರ್ ಇಟ್ಟ ಕೂಡಲೇ ಹಿಂದಿನಿಂದ ಒಂದು ದನಿ: "ಬಂದ ನೋಡ್ರೋ ಕುಟ್ಟಪ್ಪ." ಎಲ್ಲರೂ ನಕ್ಕರು. ಎರಡು ಸೆಟ್ (ಒಂದು ಸೆಟ್ ಅಂದರೆ ಕೆಲವು ಆಟಗಳ ಪಂದ್ಯ) ಆಡಿ ಎರಡೂ ಸೋತು ಮನೆಗೆ ಬಂದೆ. ಎಂಟ್ರಿ ಮುನ್ನೂರು, ಆಟೋ ಹೋಗಿ ಬರಲು ಇನ್ನೂ ಮುನ್ನೂರೈವತ್ತು. ಆಡಿದ್ದು ಇಪ್ಪತ್ತು ನಿಮಿಷವೂ ಇಲ್ಲ. ಕುಟ್ಟಪ್ಪ ಅನ್ನೋ ಹೆಸರು ಮಾತ್ರ ಅಂಟಿಕೊಂಡಿತು.

ಸೋತಿದ್ದಕ್ಕಿಂತ ಆ ಹೆಸರು ಜಾಸ್ತಿ ಚುಚ್ಚಿತ್ತು. ಮುಂದಿನ ಒಂದೂವರೆ ವರ್ಷ ನಾನು ಮಾಡಿದ್ದೆಲ್ಲ ಆ ಹೆಸರು ಅಳಿಸುವುದಕ್ಕೇ. ಅದೇ ನನ್ನ ದೊಡ್ಡ ತಪ್ಪು.

ಮೊದಲು ಡೆವಿಲ್ ಜಿನ್ ಅನ್ನೋ ಪಾತ್ರ ಹಿಡಿದೆ. ಅವನಂಥ ಮಿಶಿಮಾ ಮನೆತನದ ಪಾತ್ರ ಆಡುವವನಿಗೆ ನಮ್ಮಲ್ಲಿ ಒಂದು ಮರ್ಯಾದೆ ಇದೆ, ಗೊತ್ತಲ್ಲ. ಎಲೆಕ್ಟ್ರಿಕ್ ಅನ್ನೋ ಅವರ ಕಷ್ಟದ ಗುದ್ದು ಹೊಡೆದರೆ ಸೋತರೂ ಜನ "ಓಹೋ" ಅಂತಾರೆ. ನಾಲ್ಕು ತಿಂಗಳು ದಿನಾ ಒಂದು ಗಂಟೆ ಅದೇ ಅಭ್ಯಾಸ. ಪರದೆಯ ಎಡಬದಿ ಕೂತಾಗ ಹತ್ತಕ್ಕೆ ಏಳು ಬರುತ್ತಿತ್ತು. ಬಲಬದಿಗೆ ಹೋದರೆ ಹತ್ತಕ್ಕೆ ಮೂರು. ಯಾವ ಬದಿ ಸಿಗುತ್ತೆ ಅನ್ನೋದು ನಮ್ಮ ಕೈಯಲ್ಲಿ ಇರಲ್ವಲ್ಲ. ಮೂರು ಟೂರ್ನಮೆಂಟಿನಲ್ಲಿ ಜನ "ಓಹೋ" ಅಂದರು, ನಾನು ಬೇಗ ಬೇಗ ಮನೆಗೆ ಬಂದೆ.

ಆಮೇಲೆ ಲೀರಾಯ್ ಅನ್ನೋ ಹೊಸ ಪಾತ್ರ. 2019ರ ಡಿಸೆಂಬರಿನಲ್ಲಿ ಬಂದ. ಮುಂದಿನ ತಿಂಗಳೇ ಇವೊ ಜಪಾನ್ ಅನ್ನೋ ದೊಡ್ಡ ಟೂರ್ನಮೆಂಟಿನ ಕೊನೇ ಎಂಟು ಜನರಲ್ಲಿ ಎಲ್ಲಿ ನೋಡಿದರೂ ಅವನೇ. ನಾನೂ ದುಡ್ಡು ಕೊಟ್ಟು ತಗೊಂಡೆ. ಕೈ ಕುದುರುವಷ್ಟರಲ್ಲಿ ಪ್ಯಾಚ್ (ಆಟದ ಹೊಸ ತಿದ್ದುಪಡಿ) ಬಂದು ಅವನ ಹಲ್ಲು ಕಿತ್ತಿತು. ಅಷ್ಟರಲ್ಲಿ ಕೊರೋನಾ. ಟೂರ್ನಮೆಂಟುಗಳೇ ನಿಂತುಹೋದವು.

ಮನೆಯಲ್ಲಿ ಕೂತಾಗ ಒಂದು ಒಳ್ಳೇ ಕೆಲಸ ಮಾಡಿದೆ. ಒಂದು ನೂರು ಪುಟದ ನೋಟ್‌ಬುಕ್ ತಗೊಂಡು ಪ್ರತಿ ಸೋಲಿನ ಮುಂದೆ ಕಾರಣ ಬರೆದೆ. ಮೂರೇ ಥರ: ಕೈ ತಪ್ಪಿತು, ಎದುರಾಳಿಯ ಪಟ್ಟು ಗೊತ್ತಿರಲಿಲ್ಲ, ನನ್ನ ಪಾತ್ರಕ್ಕೆ ಉತ್ತರವೇ ಇಲ್ಲ. ಸುಮಾರು ಇನ್ನೂರು ಸೋಲು ಬರೆದಿರಬೇಕು. ಮೂರನೇ ಥರದ್ದು ಮೂವತ್ತು ಕೂಡ ದಾಟಲಿಲ್ಲ. ಅಂದರೆ ಇಷ್ಟು ದಿನ ನಾನು ಬದಲಾಯಿಸುತ್ತಿದ್ದದ್ದು ಪಾತ್ರ, ಸೋಲುತ್ತಿದ್ದದ್ದು ಬೇರೆ ಕಾರಣಕ್ಕೆ.

ಅದಕ್ಕಿಂತ ಮಜಾ ಇನ್ನೊಂದಿತ್ತು. ಹಳೇ ಎಡ್ಡಿ ರಿಪ್ಲೇ ತೆಗೆದು ಈ ಸಲ ಎದುರಾಳಿಗಳನ್ನು ಮಾತ್ರ ನೋಡಿದೆ. ಯಾರಿಗೂ ಎಡ್ಡಿ ಗೊತ್ತೇ ಇಲ್ಲ! ಅವನು ನೆಲಕ್ಕೆ ಒರಗುವ ಭಂಗಿಯಾದ ರಿಲ್ಯಾಕ್ಸ್‌ಗೆ ಇಳಿದರೆ ಜ್ಯಾಬ್ (ತಲೆ ಎತ್ತರದ ಗುದ್ದು) ಒತ್ತುತ್ತಾರೆ, ಅದು ತಲೆ ಮೇಲೆ ಹಾದು ಹೋಗುತ್ತೆ. ಮಿಡ್ (ನಡು ಎತ್ತರದ ಹೊಡೆತ) ಒತ್ತಬೇಕು ಅಂತ ಹೊಳೆಯುವಷ್ಟರಲ್ಲಿ ರೌಂಡ್ ಮುಗಿದಿರುತ್ತೆ. ಬ್ಲಾಕ್ ಮಾಡಿದ ಮೇಲೆ ಹೊಡೆದು ಶಿಕ್ಷಿಸಬಹುದಾದ ಹೊಡೆತಗಳನ್ನೂ ಸುಮ್ನೆ ಬಿಡುತ್ತಾರೆ. ಯಾಕೆ? ಎಡ್ಡಿ ಕುಟ್ಟುವವರ ಪಾತ್ರ, ಅವನ ಮೇಲೆ ಅಭ್ಯಾಸ ಮಾಡೋದು ಅವಮಾನ ಅಂತ ಅವರ ನಂಬಿಕೆ. ಕಜುಯಾನಂಥ ಹೆಸರಾಂತ ಪಾತ್ರದ ಮೇಲೆ ಸಾವಿರ ಆಟ ಆಡಿರ್ತಾರೆ, ಎಡ್ಡಿ ಮೇಲೆ ಹತ್ತು. ಹಿಂದೆ ನಿಂತು ನಗುವವರ ನಗು ಇದೆಯಲ್ಲ, ಅದು ನನ್ನ ಪರವಾಗಿಯೇ ಕೆಲಸ ಮಾಡುತ್ತಿತ್ತು. ಆ ಹೆಸರು ಅಳಿಸೋಕೆ ಹೋಗಿ ನಾನೇ ನನ್ನ ಆಯುಧ ಬಿಸಾಕಿದ್ದೆ.

ಇದು ನಾನು ಕಂಡುಹಿಡಿದದ್ದೇನಲ್ಲ ಬಿಡಿ. 2018ರ ಕೊನೆಯಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ನಡೆದ ಟೆಕ್ಕನ್ ವರ್ಲ್ಡ್ ಟೂರ್ ಫೈನಲ್ಸ್ ಅನ್ನು ಕೊರಿಯಾದ ರ‍್ಯಾಂಗ್‌ಚು ಗೆದ್ದದ್ದು ಪಾಂಡಾ ಅನ್ನೋ ಕರಡಿ ಪಾತ್ರ ತಗೊಂಡು. ಪಾಂಡಾ! ನಮ್ಮಲ್ಲಿ ಯಾರಾದರೂ ಅದನ್ನು ಆರಿಸಿದರೆ ತಮಾಷೆಗೆ ಅಂದುಕೊಳ್ತಾರೆ. ಆ ಫೈನಲ್ ನಾನು ಲೈವ್ ನೋಡಿದ್ದೆ, ಕುಣಿದೂ ಇದ್ದೆ. ಮಾರನೇ ದಿನ ಎದ್ದು ಮತ್ತೆ ಡೆವಿಲ್ ಜಿನ್ ಅಭ್ಯಾಸಕ್ಕೆ ಕೂತೆ. ಅಷ್ಟು ಬುದ್ಧಿವಂತ ನಾನು.

ಟೂರ್ನಮೆಂಟುಗಳು ಮತ್ತೆ ಶುರುವಾದಾಗ ಎಡ್ಡಿಗೇ ವಾಪಸ್ ಬಂದೆ. ಆದರೆ ಪಾತ್ರ ಗಟ್ಟಿ ಮಾಡಿಕೊಂಡರೂ ಕಿವಿ ಗಟ್ಟಿ ಆಗಿರಲಿಲ್ಲ. ಒಂದು ಸೆಟ್ಟಿನಲ್ಲಿ ಮೊದಲ ಆಟ ಸ್ವಲ್ಪದರಲ್ಲೇ ಸೋತೆ. ಹಿಂದಿನಿಂದ "ಪಾತ್ರ ಬದಲಾಯಿಸು ಗುರು, ಇದು ಆಗಲ್ಲ" ಅಂತ ಕೂಗಿದರು. ಸೋತವನು ಪಾತ್ರ ಬದಲಾಯಿಸಬಹುದು ಅನ್ನೋ ನಿಯಮ ಇದೆಯಲ್ಲ, ಅದು ದೊಡ್ಡ ಬಲೆ. ಡೆವಿಲ್ ಜಿನ್‌ಗೆ ಹೋದೆ. ಬಲಬದಿ. ಮೂರು ರೌಂಡೂ ಹೋಯಿತು.

ಕಿವಿಗೆ ಮೆಡಿಕಲ್ ಶಾಪಿನ ಫೋಮ್ ಬತ್ತಿ ತುರುಕಿ ನೋಡಿದೆ, ಮೂವತ್ತು ರೂಪಾಯಿದು. ಬೈಗುಳ ನಿಂತಿತು, ಜೊತೆಗೆ ಆಟದ ಸದ್ದೂ ನಿಂತಿತು. ಕೌಂಟರ್ ಹಿಟ್ (ಎದುರಾಳಿ ಹೊಡೆಯುವಾಗಲೇ ತಗುಲುವ ಏಟು) ಆಯಿತೋ ಇಲ್ಲವೋ ಅಂತ ನಾನು ಕಣ್ಣಿಗಿಂತ ಕಿವಿಯಿಂದಲೇ ತಿಳಿದುಕೊಳ್ತಿದ್ದೆ ಅನ್ನೋದು ಆವತ್ತೇ ಗೊತ್ತಾಗಿದ್ದು. ಎರಡು ಕಾಂಬೊ, ಅಂದರೆ ಸರಣಿ ಹೊಡೆತ, ಕೈಬಿಟ್ಟವು. ಬತ್ತಿ ಕಸದ ಬುಟ್ಟಿಗೆ ಹೋಯಿತು.

ಇದೇ ಹೊತ್ತಲ್ಲಿ ಇನ್ನೊಂದು ಹುಚ್ಚು ಹತ್ತಿತ್ತು. ಎಸ್.ಪಿ. ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳಿಗೆ ಹೋಗಿ ರಾಸ್‌ಬೆರಿ ಪೈ ಪಿಕೊ ಅನ್ನೋ ಪುಟ್ಟ ಸರ್ಕ್ಯೂಟ್ ಬೋರ್ಡು, ವೈರು, ಪ್ಲೈವುಡ್ ಪೆಟ್ಟಿಗೆಯ ಸಾಮಾನು ತಂದು ನಾನೇ ಸ್ಟಿಕ್ ಇಲ್ಲದ, ಬರೀ ಬಟನ್ ಇರುವ ಲಿವರ್‌ಲೆಸ್ ಕಂಟ್ರೋಲರ್ ಮಾಡಿದೆ. ಬೋರ್ಡು ನಾನೂರು ರೂಪಾಯಿಯ ಆಸುಪಾಸು, ಬಟನ್ ತರಿಸಿದ್ದು ಎರಡು ಸಾವಿರದ ಮೇಲೆ. ಹೊರದೇಶದ ಸ್ಟಿಕ್‌ಗೆ ಹೋಲಿಸಿದರೆ ಪುಕ್ಕಟೆ. ಮೊದಲ ಪೆಟ್ಟಿಗೆಯ ಬೆಸುಗೆ ಆಟದ ಮಧ್ಯೆಯೇ ಬಿಟ್ಟಿತು. ಎಡ್ಡಿ ಎಡಕ್ಕೆ ಹೋಗೋದೇ ನಿಲ್ಲಿಸಿದ. ಎರಡನೇದರಲ್ಲಿ ಎಡ-ಬಲ ಒಟ್ಟಿಗೆ ಒತ್ತಿದರೆ ನ್ಯೂಟ್ರಲ್ ಆಗಬೇಕು, ಅಂದರೆ ಪಾತ್ರ ಯಾವ ಕಡೆಗೂ ಹೋಗಬಾರದು ಅನ್ನೋದನ್ನು ಸೆಟ್ ಮಾಡೋಕೆ ಮರೆತಿದ್ದೆ, ಆಯೋಜಕರು ಆಡಲು ಬಿಡಲಿಲ್ಲ. ಅವರ ತಪ್ಪಿಲ್ಲ. ಮೂರನೇದು ಇನ್ನೂ ನಡೀತಿದೆ. ಚೆನ್ನಾಗಿಯೇ ಇದೆ ಅಂತ ನಾನೇ ಹೇಳಬೇಕು, ಇಬ್ಬರು ತಮಗೂ ಮಾಡಿಕೊಡಿ ಅಂತ ಕೇಳಿದ್ದಾರೆ.

ಬೈಗುಳಕ್ಕೆ ಕೊನೆಗೆ ಕೆಲಸ ಮಾಡಿದ್ದು ಒಂದು ಸಣ್ಣ ನಿಯಮ. ನನ್ನ ಆಟದ ಸ್ಟ್ರೀಮ್, ಚಾಟ್ ನಾನು ನೋಡಲ್ಲ. ಗೆಳೆಯನೊಬ್ಬ ನೋಡ್ತಾನೆ. ಯಾವ ರೌಂಡು, ಯಾವ ಕ್ಷಣ ಅಂತ ಹೇಳಿದ ಮಾತು ಇದ್ದರೆ ಮಾತ್ರ ನನಗೆ ಕಳಿಸ್ತಾನೆ. "ಕುಟ್ಟಪ್ಪ", "ಮರ್ಯಾದೆ ಇಲ್ಲ", "ಬೋರು", "ಅದೃಷ್ಟ" ಎಲ್ಲ ಅವನ ಹತ್ತಿರವೇ ಸಾಯುತ್ತೆ. ಆರು ತಿಂಗಳಲ್ಲಿ ನನಗೆ ತಲುಪಿದ್ದು ಐದೋ ಆರೋ. ಅದರಲ್ಲಿ ಒಂದು ಚಿನ್ನ, ಅದು ಮಾತ್ರ ಚಾಟಿನಿಂದ ಬಂದದ್ದಲ್ಲ. ಪಿಯುಸಿ ಓದೋ ಹುಡುಗನೊಬ್ಬ ಎದುರಿಗೇ ಬಂದು ಹೇಳಿದ್ದು: "ಅಣ್ಣಾ, ಲೈಫ್ ಕಮ್ಮಿ ಆದಾಗೆಲ್ಲ ನೀವು ಕೈ ಮೇಲೆ ನಿಲ್ತೀರಿ." ಮನೆಗೆ ಹೋಗಿ ರಿಪ್ಲೇ ನೋಡಿದೆ. ಹತ್ತಕ್ಕೆ ಎಂಟು ಸಲ ನಿಜ. ಗಾಬರಿ ಆದಾಗ ನಾನು ಹ್ಯಾಂಡ್‌ಸ್ಟ್ಯಾಂಡಿಗೆ ಓಡ್ತಿದ್ದೆ. ಅದನ್ನು ಬಿಡಿಸಿಕೊಳ್ಳೋಕೆ ಎರಡು ತಿಂಗಳು ಬೇಕಾಯಿತು. ಈಗ ಅದೇ ಜಾಗದಲ್ಲಿ ಬೇರೆ ಒಂದು ಮಾಡ್ತೀನಿ. ಏನು ಅಂತ ಕೇಳಬೇಡಿ, ಹೇಳಲ್ಲ. ರಿಲ್ಯಾಕ್ಸ್‌ಗೆ ಇಳಿಯುವ ಮುಂಚಿನ ಒಂದು ಹೊಡೆತಕ್ಕೆ ಸಂಬಂಧಪಟ್ಟದ್ದು, ಅಷ್ಟೇ.

2023ರಲ್ಲಿ ಬೆಂಗಳೂರಿನ ಒಂದು ಹಾಲಿನಲ್ಲಿ ಮೂವತ್ತು ಚಿಲ್ಲರೆ ಜನರ ಟೂರ್ನಮೆಂಟ್. ಎರಡನೇ ಸೆಟ್ಟಿನಲ್ಲೇ ಸೋತು ಲೂಸರ್ಸ್ ಬ್ರ್ಯಾಕೆಟ್ಟಿಗೆ, ಅಂದರೆ ಒಮ್ಮೆ ಸೋತವರ ಸಾಲಿಗೆ, ಬಿದ್ದೆ. ಅಲ್ಲಿಂದ ಸಾಲಾಗಿ ಸೆಟ್ ಗೆಲ್ಲುತ್ತಾ ಹೋದೆ, ಎಲ್ಲವೂ ಎಡ್ಡಿಯಲ್ಲೇ. ಅದರಲ್ಲಿ ಡ್ರಾಗುನೋವ್ ಅನ್ನೋ ಪಾತ್ರ ಆಡುವ ಒಬ್ಬ ನನಗಿಂತ ಎಲ್ಲ ಥರದಲ್ಲೂ ಮೇಲು. ಮೊದಲ ಆಟ ಅವನದೇ. ಹಿಂದಿನಿಂದ ಮತ್ತೆ "ಬದಲಾಯಿಸು" ಅಂತ ಬಂತು. ಈ ಸಲ ಆ ಕೂಗು ಕೇಳಿ ಖುಷಿ ಆಯಿತು, ನಿಜವಾಗಲೂ. ಇವರಿಗೇ ಹೀಗನ್ನಿಸಿದರೆ ಅವನಿಗೂ ಹಾಗೇ ಅನ್ನಿಸಿರುತ್ತೆ ಅಂದುಕೊಂಡೆ. ಕೊನೇ ರೌಂಡಿನಲ್ಲಿ ನನ್ನ ಲೈಫ್ ಒಂದು ಒದೆತದಷ್ಟೇ ಉಳಿದಿತ್ತು. ಅವನು ನಾನು ಕೈ ಮೇಲೆ ನಿಲ್ಲಲಿ ಅಂತ ಕಾಯುತ್ತಿದ್ದ. ನಿಲ್ಲಲಿಲ್ಲ.

ಮೂರನೇ ಸ್ಥಾನ, ನಾಲ್ಕು ಸಾವಿರ ರೂಪಾಯಿ. ಐದು ವರ್ಷದಲ್ಲಿ ಎಂಟ್ರಿ, ಆಟೋ, ಲೀರಾಯ್, ಮೂರು ಪೆಟ್ಟಿಗೆ ಎಲ್ಲ ಸೇರಿ ಮೂವತ್ತೈದು ಸಾವಿರವಾದರೂ ಹೋಗಿದೆ. ಹೆಂಡತಿಗೆ ಇಪ್ಪತ್ತು ಅಂತ ಹೇಳಿದ್ದೇನೆ.

2024ರಲ್ಲಿ ಟೆಕ್ಕನ್ 8ಕ್ಕೂ ಎಡ್ಡಿ ಬಂದ. ಬಂದ ಹೊಸದರಲ್ಲಿ ನಮ್ಮ ಗುಂಪಿನಲ್ಲೇ "ಎಡ್ಡಿ ವಿಪರೀತ ಸ್ಟ್ರಾಂಗ್, ಅವನನ್ನು ತಗೊಳ್ಳೋದು ನಾಚಿಕೆಗೇಡು" ಅಂತ ಮಾತು ಶುರುವಾಯಿತು. ಹಿಂದೆ ನಿಂತು ನಕ್ಕ ಜನವೇ! ಆಗ ಕೈಲಾಗದವನ ಪಾತ್ರ, ಈಗ ಮೋಸದ ಪಾತ್ರ. ನನ್ನ ಗೆಳೆಯ ಅದನ್ನೂ ನನಗೆ ಕಳಿಸಿರಲಿಲ್ಲ, ಬೇರೆ ಯಾರೋ ಹೇಳಿ ಗೊತ್ತಾಯಿತು.

ಆ ಡ್ರಾಗುನೋವ್ ಹುಡುಗ ಸೋತ ದಿನವೇ ಕೈ ಕುಲುಕಿ ಕೇಳಿದ್ದ: "ಬ್ರೋ, ಭಾನುವಾರ ಇಪ್ಪತ್ತು ಆಟ ಆಡೋಣ್ವಾ? ಎಡ್ಡಿ ಕಲೀಬೇಕು." ಬಾ ಅಂದೆ. ಭಾನುವಾರ ಇಪ್ಪತ್ತೂ ಆಟ ಪಾಲ್ ಅನ್ನೋ ಬೇರೆ ಪಾತ್ರ ತಗೊಂಡು ಆಡಿದೆ.