ಸೊಳ್ಳೆ ಕೂರುವ ಗೋಡೆಗೆ ಔಷಧಿ: ಮಲೇರಿಯಾ ತಡೆಗೆ ಸಿಂಪಡಣೆ ಅಭಿಯಾನ ನಡೆಸುವುದು ಹೇಗೆ?

ಮಲೇರಿಯಾ ಹರಡುವ ಹೆಣ್ಣು ಅನಾಫಿಲಿಸ್ ಸೊಳ್ಳೆ ರಕ್ತ ಹೀರಿದ ಮೇಲೆ ಮೈಭಾರವಾಗಿ ಹತ್ತಿರದ ಗೋಡೆಗೋ ಸೂರಿಗೋ ಹೋಗಿ ಕೂರುತ್ತದೆ. ಅಲ್ಲಿ ಕೀಟನಾಶಕದ ತೆಳುವಾದ ಪದರವಿದ್ದರೆ ಅದು ಕಾಲಿಗೆ ತಾಗಿ ಸೊಳ್ಳೆ ಸಾಯುತ್ತದೆ. ಹೀರಿದ ರೋಗಾಣು ಅದರ ಹೊಟ್ಟೆಯಲ್ಲಿ ಬಲಿತು ಇನ್ನೊಬ್ಬರಿಗೆ ದಾಟಲು ಸಾಮಾನ್ಯವಾಗಿ 10ರಿಂದ 14 ದಿನ ಬೇಕು. ಅಷ್ಟು ದಿನ ಅದನ್ನು ಬದುಕಲು ಬಿಡಬಾರದು ಎಂಬುದೇ ಒಳಾಂಗಣ ಸಿಂಪಡಣೆಯ ಲೆಕ್ಕಾಚಾರ. ಹಾಗಾಗಿ ನಿಮ್ಮ ಗೋಡೆಗೆ ಹೊಡೆದ ಔಷಧಿ ನಿಮ್ಮನ್ನು ಕಚ್ಚುವುದನ್ನು ತಪ್ಪಿಸದಿದ್ದರೂ ಪಕ್ಕದ ಮನೆಯ ಮಗುವನ್ನು ಕಾಯುತ್ತದೆ. ಆಯ್ದ ಪ್ರದೇಶದಲ್ಲಿ ನೂರಕ್ಕೆ 80 ಮನೆಗಳಿಗಾದರೂ ಔಷಧಿ ಬೀಳದಿದ್ದರೆ ಇಡೀ ಶ್ರಮ ವ್ಯರ್ಥವಾದಂತೆಯೇ.

ಮೊದಲು ಪರೀಕ್ಷೆ, ಆಮೇಲೆ ಖರೀದಿ

ಆ ಪ್ರದೇಶದ ಸೊಳ್ಳೆ ಮನೆಯೊಳಗೆ ಕೂರುವ ಜಾತಿಯದೇ ಎಂದು ಖಚಿತಪಡಿಸಿಕೊಳ್ಳಿ. ಹೊರಗೆ ಪೊದೆಗಳಲ್ಲಿ ಕೂರುವ ಸೊಳ್ಳೆಗೆ ಗೋಡೆಯ ಔಷಧಿಯಿಂದ ಏನೂ ಆಗದು. ಕೊಳ್ಳಬೇಕೆಂದಿರುವ ಕೀಟನಾಶಕಕ್ಕೆ ಸೊಳ್ಳೆಗಳು ಒಗ್ಗಿಹೋಗಿಲ್ಲವೇ ಎಂಬುದೂ ತಿಳಿದಿರಬೇಕು. ನಿಗದಿತ ಪ್ರಮಾಣದ ಔಷಧಿಗೆ ಒಡ್ಡಿದ 24 ಗಂಟೆಗಳ ಬಳಿಕ ನೂರಕ್ಕೆ 90ಕ್ಕಿಂತ ಕಡಿಮೆ ಸೊಳ್ಳೆಗಳು ಸತ್ತರೆ ಆ ಔಷಧಿ ಬೇಡ, ಬೇರೆ ವರ್ಗದ್ದನ್ನು ನೋಡಿ. ಅಗ್ಗವಾಗಿ ಸಿಗುತ್ತದೆಂದು ಹಳೆಯದನ್ನೇ ತರುವ ಅಧಿಕಾರಿ ಹಣವನ್ನು ಗೋಡೆಗೆ ಬಳಿಯುತ್ತಿದ್ದಾನೆ, ಅಷ್ಟೇ.

ರೋಗ ಏರುವ ಋತು ಶುರುವಾಗುವ ಮುನ್ನ ಕೊನೆಯ ಮನೆಯೂ ಮುಗಿದಿರಬೇಕು. ಅದಕ್ಕೆ ಮನೆಗಳ ಎಣಿಕೆ, ನಕ್ಷೆ, ದಾಸ್ತಾನು ತಿಂಗಳುಗಳ ಮೊದಲೇ ಸಿದ್ಧವಾಗಬೇಕು. ಹಾಗೆಂದು ತೀರಾ ಮುಂಚೆ ಹೊಡೆದರೆ ಸೊಳ್ಳೆ ಹೆಚ್ಚುವ ಹೊತ್ತಿಗೆ ಔಷಧಿಯ ಶಕ್ತಿ ಕುಂದಿರುತ್ತದೆ. ಪೈರೆಥ್ರಾಯ್ಡ್ ಎಂಬ ವರ್ಗದ ಕೀಟನಾಶಕಗಳು ಸಾಮಾನ್ಯವಾಗಿ 3ರಿಂದ 6 ತಿಂಗಳು ಕೆಲಸ ಮಾಡುತ್ತವೆ. ಮಣ್ಣಿನ ಗೋಡೆಯಲ್ಲಿ ಬೇಗ ಸೋಲುತ್ತವೆ.

ಕೈ ಪಳಗಬೇಕು

ತರಬೇತಿಯನ್ನು ಬರೀ ನೀರಿನಲ್ಲಿ ಮಾಡಿಸಿ. ಗೋಡೆಯ ಮೇಲೆ ಸೀಮೆಸುಣ್ಣದಿಂದ 75 ಸೆಂಟಿಮೀಟರ್ ಅಗಲದ ಪಟ್ಟಿಗಳನ್ನು ಗೆರೆ ಹಾಕಿ. ಪಂಪಿನ ನಾಜಲ್, ಅಂದರೆ ದ್ರವ ಚಿಮ್ಮುವ ತುದಿ, ಗೋಡೆಯಿಂದ 45 ಸೆಂಟಿಮೀಟರ್ ದೂರದಲ್ಲಿರಬೇಕು. ಮೂರು ಮೀಟರ್ ಎತ್ತರದ ಪಟ್ಟಿಯನ್ನು ಸುಮಾರು 7 ಸೆಕೆಂಡುಗಳಲ್ಲಿ ಮುಗಿಸಬೇಕು. ಒಂದು ಪಟ್ಟಿಯನ್ನು ಮೇಲಿನಿಂದ ಕೆಳಕ್ಕೆ, ಮುಂದಿನದನ್ನು ಕೆಳಗಿನಿಂದ ಮೇಲಕ್ಕೆ ಹೊಡೆಯುತ್ತಾ, ಹಿಂದಿನ ಪಟ್ಟಿಯ ಮೇಲೆ 5 ಸೆಂಟಿಮೀಟರ್ ಹಾಯುವಂತೆ ನೋಡಿಕೊಳ್ಳಬೇಕು. ನೀರು ಇಳಿದು ಧಾರೆಯಾದರೆ ಕೈ ನಿಧಾನವಾಯಿತೆಂದು ಅರ್ಥ. ನಡುವೆ ಒಣ ಗೆರೆ ಉಳಿದರೆ ಅವಸರವಾಯಿತೆಂದು. ಬಾಯಲ್ಲಿ ಎಣಿಸುತ್ತಾ ಅಭ್ಯಾಸ ಮಾಡಿದವರ ಕೈಗೆ ಆ ವೇಗ ತಾನಾಗಿ ಬರುತ್ತದೆ. ಸವೆದ ನಾಜಲ್ ಇದ್ದರೆ ಎಂಥ ಪಳಗಿದ ಕೈಯೂ ಪ್ರಯೋಜನಕ್ಕೆ ಬಾರದು, ಹಾಗಾಗಿ ನಿಮಿಷಕ್ಕೆ ಎಷ್ಟು ದ್ರವ ಹೊರಬರುತ್ತದೆಂದು ಆಗಾಗ ಅಳೆದು ನೋಡಿ.

ಬಾಗಿಲು ತಟ್ಟುವ ಮುನ್ನ

ನನ್ನ ದೃಷ್ಟಿಯಲ್ಲಿ ಅಭಿಯಾನದ ಗೆಲುವು ಸೋಲು ಇಲ್ಲೇ ತೀರ್ಮಾನವಾಗುತ್ತದೆ. ಜನ ಜಗಲಿಗೆ ಹೊಡೆಯಲು ಒಪ್ಪಿ ಮಲಗುವ ಕೋಣೆಗೆ ಬೇಡವೆನ್ನುತ್ತಾರೆ. ಆದರೆ ಸೊಳ್ಳೆ ರಾತ್ರಿ ಕಚ್ಚುವುದು, ಕಚ್ಚಿ ಕೂರುವುದು ಮಲಗುವ ಕೋಣೆಯಲ್ಲೇ. ಆದ್ದರಿಂದ ತಂಡ ಬರುವ ದಿನವನ್ನು ಮೊದಲೇ ತಿಳಿಸಿ, ವಾಸನೆ, ಕಲೆ, ಮಕ್ಕಳ ಸುರಕ್ಷತೆ ಕುರಿತ ಪ್ರಶ್ನೆಗಳಿಗೆ ಸಮಾಧಾನದಿಂದ ಉತ್ತರಿಸಿ. ಗದರಿಸಿ ಒಪ್ಪಿಸಿದ ಮನೆಯವರು ಮುಂದಿನ ಸುತ್ತಿಗೆ ಬೀಗ ಹಾಕಿಕೊಂಡು ಹೋಗುತ್ತಾರೆ. ಬೀಗ ಹಾಕಿದ ಮನೆಗಳನ್ನು ಪಟ್ಟಿ ಮಾಡಿ, ಜನ ಸಿಗುವ ಹೊತ್ತಿಗೆ ಮತ್ತೆ ಹೋಗಲೇಬೇಕು.

ಸಿಂಪಡಣೆಯ ದಿನ ಆಹಾರ, ನೀರು, ಪಾತ್ರೆ, ಹಾಸಿಗೆಗಳನ್ನು ಹೊರಗಿಡಿಸಿ. ಎತ್ತಲಾಗದ ಪೀಠೋಪಕರಣಗಳನ್ನು ಕೋಣೆಯ ನಡುವೆ ಸೇರಿಸಿ ಹೊದಿಕೆ ಹಾಕಿ. ಕದಲಲಾಗದ ರೋಗಿ ಇರುವ ಕೋಣೆಗೆ ಹೊಡೆಯಬಾರದು. ಜನರೂ ಸಾಕುಪ್ರಾಣಿಗಳೂ ಹೊರಬಂದ ಮೇಲೆಯೇ ಪಂಪು ಒಳಗೆ ಹೋಗಲಿ. ಸಿಂಪಡಿಸುವವರಿಗೆ ಟೋಪಿ, ಕನ್ನಡಕ, ಮಾಸ್ಕ್, ಕೈಗವಸು, ಉದ್ದ ತೋಳಿನ ಉಡುಪು, ಬೂಟು ಕಡ್ಡಾಯ. ಸೆಕೆಯ ನೆಪದಲ್ಲಿ ಯಾವುದನ್ನೂ ತೆಗೆಯಲು ಬಿಡಬೇಡಿ. ಕದದ ಹಿಂಬದಿ, ಸೂರಿನ ಒಳಭಾಗ ತಪ್ಪಿಹೋಗದಿರಲಿ.

ಮುಗಿದ ಮೇಲೆ ಮನೆಯನ್ನು ಎರಡು ಗಂಟೆ ಮುಚ್ಚಿಟ್ಟು, ಬಳಿಕ ಅರ್ಧ ಗಂಟೆ ಗಾಳಿಯಾಡಲು ಬಿಟ್ಟು, ನೆಲ ಗುಡಿಸಿ, ಸತ್ತ ಕೀಟಗಳನ್ನು ಹೂಳಿದ ಮೇಲೆಯೇ ಮಕ್ಕಳು ಒಳಗೆ ಹೋಗಬೇಕು. ಮುಂದಿನ ತಿಂಗಳುಗಳಲ್ಲಿ ಗೋಡೆ ತೊಳೆಯುವುದು, ಸಾರಿಸುವುದು, ಸುಣ್ಣ ಬಳಿಯುವುದು ಬೇಡ.

ಪಂಪು ತೊಳೆದ ನೀರನ್ನು ಕೆರೆ, ತೊರೆಗೆ ಚೆಲ್ಲಲೇಬಾರದು. ಪೈರೆಥ್ರಾಯ್ಡ್ ಮೀನುಗಳಿಗೆ ಮಾರಕ. ಒಂದಷ್ಟನ್ನು ಮರುದಿನದ ದ್ರಾವಣ ಕಲಸಲು ಬಳಸಿ, ಮಿಕ್ಕದ್ದನ್ನು ನೀರಿನ ಮೂಲಗಳಿಂದ ದೂರ ತೋಡಿದ ಇಂಗುಗುಂಡಿಗೆ ಸುರಿಯಿರಿ. ಖಾಲಿ ಪೊಟ್ಟಣಗಳನ್ನು ಎಣಿಸಿ ವಾಪಸ್ ಪಡೆಯಿರಿ. ಪೊಟ್ಟಣಗಳ ಲೆಕ್ಕಕ್ಕೂ ಮನೆಗಳ ಲೆಕ್ಕಕ್ಕೂ ತಾಳೆಯಾಗದಿದ್ದರೆ ಅಂದೇ ವಿಚಾರಿಸಿ.

ಕೆಲವು ಮನೆಗಳನ್ನು ಆಯ್ದು, ಪ್ರತಿ ತಿಂಗಳು ಗೋಡೆಗೆ ಶಂಕುವಿನಾಕಾರದ ಬಟ್ಟಲು ಅಂಟಿಸಿ ಒಳಗೆ ಸೊಳ್ಳೆಗಳನ್ನು 30 ನಿಮಿಷ ಬಿಡಿ. 24 ಗಂಟೆಗಳಲ್ಲಿ ಸಾಯುವ ಸೊಳ್ಳೆಗಳ ಪ್ರಮಾಣ ಶೇ 80ಕ್ಕಿಂತ ಕೆಳಗಿಳಿದ ತಿಂಗಳನ್ನು ಗುರುತು ಹಾಕಿಕೊಳ್ಳಿ. ಮುಂದಿನ ಸುತ್ತು ಯಾವಾಗ ಬೇಕೆಂಬುದು ಅದರಿಂದ ಗೊತ್ತಾಗುತ್ತದೆ.