ಮಣ್ಣಿಗೆ ಹೋಗದವರ ಗೋಡೆ

ನಮ್ಮ ಕಡೆ ಯಾರಾದರೂ ತೀರಿಕೊಂಡರೆ ‘ಮಣ್ಣಿಗೆ ಹೋಗಿ ಬಂದೆ’ ಅಂತೀವಿ. ಹೋಗಿ ಒಂದು ಹಿಡಿ ಮಣ್ಣು ಹಾಕಿ ಬಂದರೇ ಸಮಾಧಾನ. ಲಿಂಗಾಯತರಿರಲಿ, ಮುಸಲ್ಮಾನರಿರಲಿ, ಹೂಳುವವರೆಲ್ಲ ಮಾಡೋದು ಇದನ್ನೇ. ಕೊರೊನಾ ಎರಡನೇ ಅಲೆ ಬಂದ 2021ರ ಬೇಸಿಗೆಯಲ್ಲಿ ಅಷ್ಟೂ ಸಿಗಲಿಲ್ಲ. ಆಸ್ಪತ್ರೆಯಿಂದ ಪ್ಲಾಸ್ಟಿಕ್‌ನಲ್ಲಿ ಸುತ್ತಿದ ಹೆಣ ಬರುತ್ತಿತ್ತು. ಪಿಪಿಇ ಕಿಟ್ ಹಾಕಿಕೊಂಡವರು ಇಳಿಸುತ್ತಿದ್ದರು. ಮನೆಯವರು ದೂರ ನಿಂತು ನೋಡಬೇಕಿತ್ತು. ನನ್ನ ಸ್ವಂತ ದೊಡ್ಡಪ್ಪನ ಮಣ್ಣಿಗೆ ನಾನು ಹೋಗಲಿಲ್ಲ.

ನಾನು ಕೊಪ್ಪಳದಲ್ಲಿ ಬೋರ್ಡ್ ಬರೆಯುವವನು. 2020ರಲ್ಲಿ ರಸ್ತೆ ಮೇಲೆ, ಗೋಡೆ ಮೇಲೆ ಮುಳ್ಳು ಮುಳ್ಳಿನ ಕೊರೊನಾ ಚಿತ್ರ ಬರೆದು ಬರೆದು ಕೈ ಪಳಗಿತ್ತು. 2022ರ ಮೇ ತಿಂಗಳಲ್ಲಿ ನಮ್ಮ ಊರ ಹುಡುಗರು ಕರೆದರು. ಸತ್ತವರ ನೆನಪಿಗೆ ಬಸ್ ನಿಲ್ಲುವ ಜಾಗದ ಪಕ್ಕದ ಗೋಡೆಗೆ ಏನಾದರೂ ಬರೆಯಬೇಕು ಅಂದರು. ನನಗೆ ಬರುತ್ತಿದ್ದುದನ್ನೇ ಬರೆದೆ. ಮಾಸ್ಕ್ ಹಾಕಿದ ಡಾಕ್ಟರು, ನರ್ಸು, ಹಿಂದೆ ದೇಶದ ನಕ್ಷೆ, ಮೇಲೊಂದು ಹಸಿರು ಕೊರೊನಾ. ಎರಡನೇ ದಿನ ನಮ್ಮ ಓಣಿಯ ಅಜ್ಜಿ ಬಂದು ನಿಂತರು. ಮಗನನ್ನು ಕಳೆದುಕೊಂಡವರು.

“ಯಪ್ಪಾ, ನನ್ನ ಮಗನ್ನ ತಿಂದಿದ್ದನ್ನ ಇಷ್ಟು ಚಂದ ಬರದೀಯಲ್ಲ. ನನ್ನ ಮಗ ಎಲ್ಲಿ?”

ಅವತ್ತೇ ಸಂಜೆ ಪೂರ್ತಿ ಸುಣ್ಣ ಹೊಡೆದೆ.

ರಾತ್ರಿ ಕಟ್ಟೆ ಮೇಲೆ ಕೂತಾಗ ಒಬ್ಬ ಹುಡುಗ ಮೊಬೈಲ್‌ನಲ್ಲಿ ಲಂಡನ್ನಿನ ಗೋಡೆ ತೋರಿಸಿದ. ಥೇಮ್ಸ್ ನದಿಯ ದಡದಲ್ಲಿ, ಪಾರ್ಲಿಮೆಂಟಿನ ಎದುರು ದಂಡೆಗೆ, ಸುಮಾರು ಅರ್ಧ ಕಿಲೋಮೀಟರ್ ಉದ್ದ ಇದೆ. 2021ರ ಮಾರ್ಚ್‌ನಲ್ಲಿ ಶುರು ಮಾಡಿದ್ದು. ಕೊರೊನಾದಲ್ಲಿ ಸತ್ತವರಿಗೆ ತಲೆಗೊಂದರಂತೆ ಕೆಂಪು ಹೃದಯ, ಮೊದಲಿಗೇ ಒಂದೂವರೆ ಲಕ್ಷ. ಬರೆದವರು ಮನೆಯವರನ್ನು ಕಳೆದುಕೊಂಡವರು ಮತ್ತು ಅವರ ಜೊತೆ ನಿಂತ ಸಾಮಾನ್ಯ ಜನ. ಅದನ್ನು ನೋಡಿ ನನಗೆ ಹಿರೇಬೆಣಕಲ್ ನೆನಪಾಯಿತು. ಗಂಗಾವತಿ ಹತ್ತಿರದ ಆ ಗುಡ್ಡದ ಮೇಲೆ ಎರಡು ಸಾವಿರ ವರ್ಷಕ್ಕೂ ಹಳೆಯ ಕಲ್ಲಿನ ಮನೆಗಳಿವೆ, ಸತ್ತವರಿಗೆ ಕಟ್ಟಿದ್ದು. ಅಷ್ಟು ದೊಡ್ಡ ಚಪ್ಪಡಿ ಎತ್ತಿ ನಿಲ್ಲಿಸೋದು ಒಬ್ಬರ ಕೈಲಿ ಆಗೋ ಕೆಲಸವಲ್ಲ. ಊರೇ ಕೈ ಹಚ್ಚಿರಬೇಕು. ಇಲ್ಲಿ ನಾನೊಬ್ಬನೇ ಬ್ರಶ್ ಹಿಡಿದು ನಿಂತಿದ್ದೆ.

“ಒಂದು ಹಿಡಿ ಮಣ್ಣೂ ಹಾಕಲಿಲ್ಲ ನೋಡು” ಅಂತ ಕತ್ತಲಲ್ಲಿ ಯಾರೋ ಅಂದರು. ಅಲ್ಲಿಂದಲೇ ದಾರಿ ಸಿಕ್ಕಿದ್ದು. ಪ್ರತಿ ಮನೆಯವರೂ ತಮ್ಮ ಹೊಲದ್ದೋ ಅಂಗಳದ್ದೋ ಒಂದು ಹಿಡಿ ಮಣ್ಣು ತರಲಿ, ಅದನ್ನೇ ಬಣ್ಣ ಮಾಡಿ ಅವರೇ ಗೋಡೆಗೆ ಅಂಗೈ ಒತ್ತಲಿ ಅಂತ ಮಾತಾಯಿತು.

ಹೆಸರು ಬರೆಯೋದು ಬೇಡ ಅಂತಲೂ ಅವತ್ತೇ ತೀರ್ಮಾನ ಮಾಡಿದೆವು. ಯಾರದು ಮೇಲೆ, ಯಾರದು ಕೆಳಗೆ ಅನ್ನೋ ಜಗಳ ಬೇಡ ಅಂತ. ಕೊರೊನಾದಿಂದಲೇ ಸತ್ತದ್ದಕ್ಕೆ ಸರ್ಟಿಫಿಕೇಟ್ ಇರಬೇಕಾ ಅಂತ ಒಬ್ಬರು ಕೇಳಿದರು. ಅದೇ ತಿಂಗಳು ವಿಶ್ವ ಆರೋಗ್ಯ ಸಂಸ್ಥೆ 2020, 2021ರಲ್ಲಿ ಭಾರತದಲ್ಲಿ ಕೊರೊನಾದಿಂದ ನೇರವಾಗಿಯೋ ಪರೋಕ್ಷವಾಗಿಯೋ ಸುಮಾರು 47 ಲಕ್ಷ ಹೆಚ್ಚುವರಿ ಸಾವು ಅಂತ ಅಂದಾಜು ಕೊಟ್ಟಿತ್ತು. ಸರ್ಕಾರದ ಲೆಕ್ಕ 5 ಲಕ್ಷದ ಒಳಗಿತ್ತು, ಆ ಅಂದಾಜನ್ನು ಸರ್ಕಾರ ಒಪ್ಪಲಿಲ್ಲ. ದೇಶದ ಲೆಕ್ಕವೇ ಹೀಗಿರುವಾಗ ಗೋಡೆ ಹತ್ತಿರ ಬಂದವರಿಗೆ ಕಾಗದ ಕೇಳೋದು ನನ್ನ ಮನಸ್ಸಿಗೆ ಬರಲಿಲ್ಲ. ಆಕ್ಸಿಜನ್‌ಗೆ ಅಲೆದು ಸತ್ತವರು, ಹೆದರಿ ಆಸ್ಪತ್ರೆಗೇ ಹೋಗದೆ ಸತ್ತವರು, ಎಲ್ಲರೂ ಸೇರಿದರು.

ಇನ್ನು ಕೆಲಸದ ಮಾತು. ಮಣ್ಣನ್ನು ಬಿಸಿಲಿಗೆ ಒಣಗಿಸಿ, ಹೆಂಟೆ ಒಡೆದು, ಪುಡಿ ಮಾಡಿ, ರಾತ್ರಿ ನೀರಲ್ಲಿ ನೆನೆಸಿಟ್ಟೆ. ಬೆಳಿಗ್ಗೆ ಹಳೆ ಧೋತರದಲ್ಲಿ ಸೋಸಿ, ತಳದಲ್ಲಿ ನಿಂತ ಗಟ್ಟಿ ರಾಡಿ ತೆಗೆದುಕೊಂಡೆ. ನಾಲ್ಕು ಲೋಟ ರಾಡಿಗೆ ಒಂದು ಲೋಟ ಫೆವಿಕಾಲ್. ಮಸಾರಿ, ಅಂದರೆ ಕೆಂಪು ಮಣ್ಣು, ಚೆನ್ನಾಗಿ ಹಿಡಿಯಿತು, ಇಟ್ಟಿಗೆ ಬಣ್ಣ. ಎರಿ, ಅಂದರೆ ಕಪ್ಪು ಮಣ್ಣು, ಕೈಕೊಟ್ಟಿತು. ಎರಿ ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ. ಬೇಸಿಗೆಯಲ್ಲಿ ಹೊಲದಲ್ಲಿ ಕಾಲು ಹೋಗುವಷ್ಟು ಬಿರುಕು ಬಿಡೋದು ನೋಡಿಯೇ ಬೆಳೆದವನು ನಾನು, ಆದರೂ ಹೊಳೆಯಲಿಲ್ಲ. ಅಜ್ಜಿ ಒತ್ತಿದ ಕಪ್ಪು ಅಂಗೈ ಮಧ್ಯಾಹ್ನದ ಹೊತ್ತಿಗೆ ಹಪ್ಪಳದ ಹಾಗೆ ಎದ್ದು ಬೆರಳು ಬೆರಳಾಗಿ ಉದುರಿತು. ಅವರು ಅಲ್ಲೇ ಕೂತಿದ್ದರು. ಕೆಳಗೆ ಬಿದ್ದ ಚೂರುಗಳನ್ನು ಆರಿಸಿ ಸೆರಗಿಗೆ ಕಟ್ಟಿಕೊಂಡರು. ನನಗೆ ಮಾತೇ ಹೊರಡಲಿಲ್ಲ.

ಮಾಳಿಗೆ ಮನೆಗೆ ಮಣ್ಣು ಮೆತ್ತುವ ಕಾಕಾ ಒಬ್ಬರಿದ್ದಾರೆ. ಅವರ ಹತ್ತಿರ ಹೋದೆ. “ಬರೀ ಎರಿ ನಿಲ್ಲಂಗಿಲ್ಲೋ ತಮ್ಮಾ. ಮಸಾರಿ ಕೂಡಿಸು, ಒಂದಕ್ಕ ಎರಡು” ಅಂದರು. ಮಸಾರಿಯಲ್ಲಿ ಮರಳಿನ ಅಂಶ ಜಾಸ್ತಿ, ಅದು ಬಿರಿಯಲು ಬಿಡೋದಿಲ್ಲ. ಆದರೆ ಎರಿ ಹೊಲದವರ ಹತ್ತಿರ ಮಸಾರಿ ಎಲ್ಲಿಂದ ಬರಬೇಕು? ಇನ್ನೊಂದು ಮನೆಯವರ ಮಣ್ಣು ಕೇಳಬೇಕು. ಅಜ್ಜಿಗೆ ಮಣ್ಣು ಕೊಟ್ಟವರು ಗಂಡನನ್ನು ಕಳೆದುಕೊಂಡ ಮುಸ್ಲಿಂ ಅಕ್ಕ. ತಾವೇ ಬೋಗುಣಿಯಲ್ಲಿ ಎರಡೂ ಮಣ್ಣು ಕಲಸಿ, ಅಜ್ಜಿಯ ಕೈಗೆ ಹಚ್ಚಿ, ಆ ಕೈಯ ಮೇಲೆ ತಮ್ಮ ಕೈಯಿಟ್ಟು ಗೋಡೆಗೆ ಒತ್ತಿ ಹಿಡಿದರು. ತುಂಬ ಹೊತ್ತು ಹಿಡಿದಿದ್ದರು. ನಾನು ಬಕೆಟ್ ಎತ್ತಿಕೊಂಡು ಆಚೆ ಹೋದೆ.

ಹೊಲವಿಲ್ಲದವರೂ ಬಂದರು. ಬೆಂಗಳೂರಿಗೆ ಗುಳೆ ಹೋಗುವ ಮನೆಯ ಹುಡುಗ ಕರವಸ್ತ್ರದಲ್ಲಿ ಗಂಟು ಕಟ್ಟಿ ತಂದಿದ್ದ. ಅವನ ಅಪ್ಪ ಕೆಲಸ ಮಾಡುತ್ತಿದ್ದ ಕಟ್ಟಡದ ಜಾಗದ ಮಣ್ಣು ಅದು, ಸಿಮೆಂಟ್ ಬೆರೆತು ಬೂದಿ ಬಣ್ಣ. ಗೋಡೆಯಲ್ಲಿ ಆ ಒಂದು ಕೈ ಮಾತ್ರ ಬೇರೆ ಬಣ್ಣದ್ದು.

ಮಳೆಗೆ ಮಣ್ಣಿನ ಬಣ್ಣ ತೊಳೆದು ಹೋಗುತ್ತದೆ. ಮೇಲೆ ವಾರ್ನಿಶ್ ಹೊಡೆಯೋಣ ಅಂತಿದ್ದೆ, ಊರವರು ಬೇಡ ಅಂದರು. ಪ್ರತಿ ವರ್ಷ ಬಂದು ಮತ್ತೆ ಒತ್ತುತ್ತೀವಿ ಅಂದರು. ಹಾಗೇ ನಡೆದಿದೆ. ಮೇ ತಿಂಗಳ ಒಂದು ದಿನ ನಾನು ಸುಣ್ಣ, ಜರಡಿ, ಬಕೆಟ್ ತಗೊಂಡು ಹೋಗ್ತೀನಿ, ಅವರು ಮಣ್ಣು ತರ್ತಾರೆ.

ನನ್ನ ಅಂಗಡಿಯ ಗೋಡೆ ಗೂಡಿನಲ್ಲಿ ಮಣ್ಣು ತುಂಬಿದ ಒಂದು ಸ್ಟೀಲ್ ಡಬ್ಬಿ ಇದೆ. ಮೊದಲ ವರ್ಷವೇ ಒಬ್ಬ ತಾಯಿ ಕೊಟ್ಟದ್ದು. ಗಂಡನ ಮಣ್ಣಿಗೆ ಮಂಗಳೂರಿಂದ ಬರಲಾಗದ ಮಗ ಬಂದು ಒತ್ತಲಿ, ತಾನು ಒತ್ತಲ್ಲ ಅಂದಿದ್ದಾರೆ. ಅವನಿನ್ನೂ ಬಂದಿಲ್ಲ. ಪ್ರತಿ ಸಲ ಗೋಡೆಯ ಎಡಗಡೆ ಒಂದು ಅಂಗೈಯಷ್ಟು ಜಾಗ ಬಿಟ್ಟು ಉಳಿದವರಿಗೆ ಕೊಡ್ತೀನಿ.