ಏರಿನಲ್ಲಿ ಟಾಪ್ ಗೇರ್ ಬೇಡ: ಕೊಡಗಿನ ರಸ್ತೆಗೆ ಬೈಕಿನ ಗೇರ್ ಲೆಕ್ಕ

ಸಂಪಾಜೆಯಿಂದ ಮಡಿಕೇರಿಗೆ ಹತ್ತುವಾಗ ನಾಲ್ಕನೇ ಗೇರಿನಲ್ಲೇ ಆಕ್ಸಿಲರೇಟರ್ ಪೂರ್ತಿ ತಿರುಗಿಸಿಕೊಂಡು ಹೋಗುವವರು ಬಹಳ. ಗೇರ್ ಇಳಿಸಿದರೆ ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ, ಇಂಜಿನ್ ಸವೆಯುತ್ತದೆ ಎಂಬ ಭಯ. ಇಂಜಿನ್ನಿಗೆ ನಿಜವಾಗಿ ಪೆಟ್ಟು ಬೀಳುವುದು ಹೀಗೆ ಉಸಿರುಕಟ್ಟಿಸಿ ಎಳೆಸಿದಾಗ. ನಿಧಾನ ತಿರುಗುವ ಇಂಜಿನ್ನಿಗೆ ಪೂರ್ತಿ ಪೆಟ್ರೋಲ್ ಕೊಟ್ಟರೆ ಸಿಲಿಂಡರಿನೊಳಗೆ ಒತ್ತಡ ಏರಿ, ಪೆಟ್ರೋಲ್-ಗಾಳಿ ಮಿಶ್ರಣ ತಾನಾಗಿಯೇ ಹೊತ್ತಿಕೊಂಡು ಪಿಸ್ಟನ್ನನ್ನು ಬಡಿಯುತ್ತದೆ. ಆಯಿಲ್ ಪಂಪೂ ನಿಧಾನವಾಗಿಯೇ ತಿರುಗುವುದರಿಂದ ಆಯಿಲ್ ಕೂಡ ಕಡಿಮೆಯೇ ಸಿಗುತ್ತದೆ.

ಪ್ರತಿ ಇಂಜಿನ್ನೂ ಚೆನ್ನಾಗಿ ಎಳೆಯುವ ಒಂದು ಆರ್‌ಪಿಎಂ (ಇಂಜಿನ್ ನಿಮಿಷಕ್ಕೆ ತಿರುಗುವ ಸುತ್ತು) ಇದೆ. ಸ್ಪ್ಲೆಂಡರಿಗೆ ಅದು 6000, ಪಲ್ಸರ್ 150ಕ್ಕೆ 6500, ಕ್ಲಾಸಿಕ್ 350ಕ್ಕೆ 4000. ಏರಿನಲ್ಲಿ ಆ ಸಂಖ್ಯೆಗೂ ಅದರ ಮೂರನೇ ಎರಡು ಭಾಗಕ್ಕೂ ನಡುವೆ ಇಂಜಿನ್ ತಿರುಗುತ್ತಿರಲಿ. ಮಡಿಕೇರಿ ಇರುವುದು ಸುಮಾರು 1150 ಮೀಟರ್ ಎತ್ತರದಲ್ಲಿ. ಅಲ್ಲಿ ಗಾಳಿ ಕಡಲತೀರಕ್ಕಿಂತ ಹತ್ತರಲ್ಲೊಂದು ಪಾಲು ತೆಳು, ಶಕ್ತಿಯೂ ಅಷ್ಟೇ ಕಡಿಮೆ. ಮಂಗಳೂರಿನ ಏರಿನಲ್ಲಿ ಮೂರನೇ ಗೇರಿಗೆ ಹತ್ತಿದ ಬೈಕ್ ಇಲ್ಲಿ ಎರಡನೆಯದನ್ನು ಕೇಳಿದರೆ ಅದರಲ್ಲಿ ದೋಷವೇನೂ ಇಲ್ಲ.

ಆರ್‌ಪಿಎಂ ಮೀಟರ್ ಇಲ್ಲದಿದ್ದರೆ ಹೀಗೆ ನೋಡಿ. ಆಕ್ಸಿಲರೇಟರನ್ನು ಇನ್ನೂ ಕಾಲು ಸುತ್ತು ತಿರುಗಿಸಿ. ಸದ್ದು ಏರದೆ ಬರೀ ದಪ್ಪಗಾದರೆ, ಫುಟ್‌ರೆಸ್ಟ್ ನಡುಗಿದರೆ, ಚೈನ್ ಕಟಕಟ ಎಂದರೆ, ಒಂದು ಗೇರ್ ಇಳಿಸಿ. ಇಬ್ಬರು ಕೂತ 100 ಸಿಸಿ ಬೈಕಿಗೆ ಘಾಟಿಯಲ್ಲಿ ಗಂಟೆಗೆ 20 ಕಿ.ಮೀ. ಒಳಗೆ ಒಂದನೇ ಗೇರ್, 20ರಿಂದ 35ಕ್ಕೆ ಎರಡನೆಯದು, ಅದರ ಮೇಲೆ ಮೂರನೆಯದು. ಬಹುಪಾಲು ಏರುಗಳಿಗೆ ನಾಲ್ಕನೆಯದು ಬೇಕಾಗುವುದೇ ಇಲ್ಲ. ಕುಶಾಲನಗರದ ಕಡೆಯ ಸಮತಟ್ಟಿಗೆ ಅದನ್ನು ಇಟ್ಟುಕೊಳ್ಳಿ.

ಹೇರ್‌ಪಿನ್ ತಿರುವಿನಲ್ಲಿ ಗೇರ್ ಕೆಲಸ ತಿರುವಿಗೆ ಮುಂಚೆಯೇ ಮುಗಿದಿರಬೇಕು. ಬೈಕ್ ನೇರ ಇರುವಾಗಲೇ ಬ್ರೇಕ್ ಹಿಡಿದು ವೇಗ ಇಳಿಸಿ. ಕ್ಲಚ್ ಹಿಡಿಯಿರಿ, ಒಂದು ಗೇರ್ ಕೆಳಗೆ ಹಾಕಿ, ತುಸು ರೇಸ್ ಕೊಟ್ಟು ಕ್ಲಚ್ಚನ್ನು ಮೆತ್ತಗೆ ಬಿಡಿ. ಆಮೇಲೆ ವಾಲಿಸಿ. ವಾಲಿದ ಮೇಲೆ ಕ್ಲಚ್ ಹಿಡಿದರೆ ಚಕ್ರಕ್ಕೆ ಇಂಜಿನ್ನಿನ ಹಿಡಿತ ತಪ್ಪುತ್ತದೆ: ಏರಿನಲ್ಲಿ ಬೈಕ್ ನಿಂತು ಪಕ್ಕಕ್ಕೆ ಬೀಳುತ್ತದೆ, ಇಳಿಜಾರಿನಲ್ಲಿ ಎದುರು ಬರುವ ಬಸ್ಸಿನ ಕಡೆಗೆ ಸರಿಯುತ್ತದೆ.

ಏರಿನಲ್ಲಿ ನಿಂತು ಹೊರಡುವಾಗ ಬಲಗಾಲಿನಿಂದ ಹಿಂದಿನ ಬ್ರೇಕ್ ಹಿಡಿದಿರಿ. ಕ್ಲಚ್ ಬಿಡುತ್ತಾ ಬೈಕಿನ ಹಿಂಭಾಗ ತುಸು ಕುಸಿದಂತೆ ಅನಿಸಿದ ಕೂಡಲೇ ರೇಸ್ ಕೊಟ್ಟು ಬ್ರೇಕ್ ಬಿಡಿ. ಹಾಫ್ ಕ್ಲಚ್ಚಿನಲ್ಲಿ ಬೈಕನ್ನು ನಿಲ್ಲಿಸಿಕೊಂಡಿರಬೇಡಿ, ಕ್ಲಚ್ ಪ್ಲೇಟ್ ಸುಡುತ್ತದೆ. ಸದ್ದು ಏರಿಯೂ ವೇಗ ಏರದಿದ್ದರೆ ಪ್ಲೇಟ್ ಜಾರುತ್ತಿದೆ ಎಂದರ್ಥ. ಮೊದಲು ಕ್ಲಚ್ ಕೇಬಲ್ ನೋಡಿ: ಲಿವರಿನ ತುದಿಯಲ್ಲಿ 10ರಿಂದ 20 ಮಿ.ಮೀ. ಸಡಿಲ ಇರಬೇಕು.

ಇಳಿಯುವಾಗ, ಅದೇ ಇಳಿಜಾರನ್ನು ಯಾವ ಗೇರಿನಲ್ಲಿ ಹತ್ತುತ್ತೀರೋ ಅದೇ ಗೇರ್. ದಯವಿಟ್ಟು ನ್ಯೂಟ್ರಲ್ ಮಾಡಬೇಡಿ. ಬರೀ ಬ್ರೇಕಿನ ಮೇಲೆ ಸಂಪಾಜೆ ಘಾಟಿ ಇಳಿದರೆ ಬ್ರೇಕ್ ಡ್ರಮ್ ಕಾದು ಲೈನರ್ ಹಿಡಿತ ಬಿಡುತ್ತದೆ. ನ್ಯೂಟ್ರಲಿನಲ್ಲಿ ಇಳಿದರೆ ಪೆಟ್ರೋಲ್ ಉಳಿಯುತ್ತದೆ ಎಂಬ ಮಾತೂ ಸುಳ್ಳು. ಗೇರಿನಲ್ಲಿ ಆಕ್ಸಿಲರೇಟರ್ ಪೂರ್ತಿ ಬಿಟ್ಟು ಇಳಿಯುವಾಗ ಫ್ಯೂಯಲ್ ಇಂಜೆಕ್ಷನ್ ಬೈಕು ಪೆಟ್ರೋಲನ್ನೇ ನಿಲ್ಲಿಸುತ್ತದೆ. ನ್ಯೂಟ್ರಲಿನಲ್ಲಿ ಇಂಜಿನ್ ಆರದಿರಲು ಪೆಟ್ರೋಲ್ ಬೇಕೇ ಬೇಕು.

ಮಳೆಗಾಲದ್ದು ಬೇರೆ ಲೆಕ್ಕ. ಮಾಕುಟ್ಟದ ದಾರಿಯಂಥ ಕಾಡಿನ ರಸ್ತೆಯಲ್ಲಿ ಪಾಚಿ, ಕೊಳೆತ ಎಲೆ ಟಾರಿಗೆ ಅಂಟಿಕೊಂಡಿರುತ್ತವೆ. ಅಲ್ಲಿ ಸಣ್ಣ ಗೇರಿಗೆ ಹಾಕಿ ಕ್ಲಚ್ಚನ್ನು ಥಟ್ಟನೆ ಬಿಟ್ಟರೆ ಹಿಂದಿನ ಚಕ್ರ ಲಾಕ್ ಆಗಿ ಜಾರುತ್ತದೆ. ವೇಗ ಮೊದಲೇ ಇಳಿಸಿ, ಒಂದೊಂದೇ ಗೇರ್ ಇಳಿಸುತ್ತಾ ಬನ್ನಿ. ಹಾಗೂ ಜಾರಿದರೆ ತಕ್ಷಣ ಕ್ಲಚ್ ಹಿಡಿಯಿರಿ, ಹಿಂದಿನ ಬ್ರೇಕ್ ಮುಟ್ಟಬೇಡಿ. ಚಕ್ರ ಮತ್ತೆ ಉರುಳತೊಡಗುತ್ತದೆ.